ಬೆಂಕಿ ಗಾಡಿ ಬರುವ ಮುಂಚಿನ ಮುಕ್ಕಾಲು ಗಂಟೆ: ಕೊಡಗಿನಲ್ಲಿ ಅಗ್ನಿಶಾಮಕ ಸ್ವಯಂಸೇವಕರಾಗುವುದು ಹೇಗೆ?

ನಮ್ಮ ಪಕ್ಕದ ತೋಟದ ಲೈನ್ ಮನೆಗೆ (ಕೆಲಸಗಾರರ ಸಾಲುಮನೆಗೆ) ಬೆಂಕಿ ಬಿದ್ದ ದಿನ ಅಗ್ನಿಶಾಮಕ ಗಾಡಿ ಬೇಗನೇ ಬಂದಿತ್ತು. ಆದರೆ ತೋಟದ ಗೇಟಿಗೆ ಬೀಗ. ಕೀಲಿ ತೋಟದ ಲೆಕ್ಕ ನೋಡುವ ರೈಟರ ಹತ್ತಿರ, ರೈಟರು ಸಂತೆಗೆ ಹೋಗಿದ್ದರು. ಬೀಗ ಒಡೆದು ಒಳಗೆ ಹೋದರೆ ಮುಂದೆ ತೋಡಿಗೆ (ಸಣ್ಣ ಹಳ್ಳಕ್ಕೆ) ಹಾಕಿದ ಹಳೇ ಮೋರಿ. "ಇದು ಗಾಡಿ ಭಾರ ತಡೆಯುತ್ತಾ?" ಎಂದು ಡ್ರೈವರ್ ಇಳಿದು ಕೇಳಿದರು. ಅಲ್ಲಿ ಮೂವತ್ತು ಜನ ನಿಂತಿದ್ದೆವು. ನನ್ನನ್ನೂ ಸೇರಿಸಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಗಾಡಿಯನ್ನು ಅಲ್ಲೇ ನಿಲ್ಲಿಸಿ ಪೈಪ್ ಎಳೆದರು. ಜೀವ ಹೋಗಲಿಲ್ಲ, ಎರಡು ಮನೆ ಹೋಯಿತು.

ಕೊಡ ಹಿಡಿದು ಓಡುವ ಕೈಗಳು ಅವತ್ತು ಬೇಕಾದಷ್ಟಿದ್ದವು. ಕೀಲಿ ಎಲ್ಲಿದೆ, ನೀರು ಎಲ್ಲಿದೆ, ಗಾಡಿ ಎಲ್ಲಿಯವರೆಗೆ ಬರುತ್ತದೆ ಎಂದು ತಿಳಿದವರು ಒಬ್ಬರೂ ಇರಲಿಲ್ಲ. ಕೊಡಗಿನ ತಿರುವು ರಸ್ತೆಯಲ್ಲಿ ಠಾಣೆಯಿಂದ ಒಳಗಿನ ಊರಿಗೆ ಗಾಡಿ ತಲುಪಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುವುದು ಸಾಮಾನ್ಯ. ಸ್ವಯಂಸೇವಕರ ಕೆಲಸ ಆ ಮುಕ್ಕಾಲು ಗಂಟೆಯದು. ಉರಿಯುವ ಮನೆಗೆ ನುಗ್ಗಿ ಮಗುವನ್ನು ಎತ್ತಿಕೊಂಡು ಬರುವ ಸಿನಿಮಾ ದೃಶ್ಯ ತಲೆಯಲ್ಲಿದ್ದರೆ ಅದನ್ನು ಮೊದಲು ತೆಗೆದುಹಾಕಿ.

ನಮ್ಮಲ್ಲಿ ಇದು ಹೇಗೆ ನಡೆಯುತ್ತದೆ?

ಅಮೆರಿಕದಂತಹ ದೇಶಗಳ ಸಣ್ಣ ಊರುಗಳಲ್ಲಿ ಅಗ್ನಿಶಾಮಕ ಠಾಣೆಯನ್ನೇ ಸ್ವಯಂಸೇವಕರು ನಡೆಸುವುದುಂಟು. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಬೆಂಕಿ ಆರಿಸುವ ಹೊಣೆ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯದು. 1964ರ ಕಾಯ್ದೆಯಡಿ ನಡೆಯುವ, ಸಂಬಳದ ಸಿಬ್ಬಂದಿ ಇರುವ ಇಲಾಖೆ ಅದು. ಕಾಡಿನ ಬೆಂಕಿ ಅರಣ್ಯ ಇಲಾಖೆಯ ಪಾಲು. ನಾವು ಇವರಿಬ್ಬರ ಕೈಗೆ ಕೈ ಜೋಡಿಸುವವರು, ಅಷ್ಟೇ. ಇಲಾಖೆಯ ಖಾಕಿ ಹಾಕುವಂತಿಲ್ಲ, ಗಾಡಿಗೆ ಸೈರನ್ ಕಟ್ಟುವಂತಿಲ್ಲ.

ಸೇರಲು ಮೂರು ನಾಲ್ಕು ದಾರಿಗಳಿವೆ. ಒಂದು ಗೃಹರಕ್ಷಕ ದಳ. ಇದು ಸ್ವಯಂಸೇವೆಯ ಪಡೆ. ಕರ್ತವ್ಯಕ್ಕೆ ಕರೆದ ದಿನಕ್ಕೆ ಭತ್ಯೆ ಸಿಗುತ್ತದೆ, ಕವಾಯತಿನ ಜೊತೆಗೆ ಬೆಂಕಿ ನಂದಿಸುವುದನ್ನೂ ಪ್ರಥಮ ಚಿಕಿತ್ಸೆಯನ್ನೂ ಕಲಿಸುತ್ತಾರೆ. ಜಾಗ ಖಾಲಿ ಇದ್ದಾಗ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ವಯಸ್ಸು ಮತ್ತು ಓದಿನ ನಿಯಮ ಅದರಲ್ಲೇ ಇರುತ್ತದೆ. ಇನ್ನೊಂದು 'ಆಪದ ಮಿತ್ರ'. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಶುರು ಮಾಡಿದ ಯೋಜನೆ ಇದು. ಆಮೇಲೆ ದೇಶದ 350 ಜಿಲ್ಲೆಗಳಲ್ಲಿ 1 ಲಕ್ಷ ಜನರಿಗೆ ತರಬೇತಿ ಕೊಡುವ ಗುರಿಯೊಂದಿಗೆ ಅದನ್ನು ಹಿಗ್ಗಿಸಿದರು. 18ರಿಂದ 40 ವರ್ಷದವರಿಗೆ 12 ದಿನಗಳ ತರಬೇತಿ ಕೊಡುತ್ತಿದ್ದರು. ಈಗ ಹೊಸ ತಂಡ ತೆಗೆದುಕೊಳ್ಳುತ್ತಾರಾ ಎಂದು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ಕೇಳಿ.

ಮೂರನೆಯದು ಅರಣ್ಯ ಇಲಾಖೆ. ಬೇಸಿಗೆಗೆ ಮುಂಚೆ ವಲಯ ಅರಣ್ಯಾಧಿಕಾರಿಯನ್ನು ಕಂಡು ಹೆಸರು, ನಂಬರ್ ಕೊಟ್ಟು ಬನ್ನಿ. ಬೇಸಿಗೆಗೆಂದೇ ಕೂಲಿ ಕೊಟ್ಟು ಫೈರ್ ವಾಚರ್‌ಗಳನ್ನು ತೆಗೆದುಕೊಳ್ಳುವುದೂ ಇದೆ. ಆದರೆ ಕಾಡು ಉರಿಯುತ್ತಿದೆ ಎಂದು ನಾಗರಹೊಳೆಗೋ ಬ್ರಹ್ಮಗಿರಿಗೋ ಪುಷ್ಪಗಿರಿಗೋ ನೀವೇ ನುಗ್ಗಬೇಡಿ. ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಕಾಲಿಡುವುದು ಅಪರಾಧ. ಅದಕ್ಕಿಂತ ದೊಡ್ಡ ಮಾತು, ಹೊಗೆಯಲ್ಲಿ ಆನೆ ಎದುರಾದರೆ ನಿಮ್ಮ ಒಳ್ಳೆಯ ಉದ್ದೇಶ ಅದಕ್ಕೆ ಗೊತ್ತಾಗುವುದಿಲ್ಲ.

ನಾಲ್ಕನೆಯದು ಊರಿನವರೇ ಸೇರಿ ಕಟ್ಟುವ ಎಂಟು ಹತ್ತು ಜನರ ಗುಂಪು. ನನ್ನ ಕೇಳಿದರೆ ಕೊಡಗಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಮೇಲಿನ ಮೂರರಲ್ಲಿ ತರಬೇತಿ ಪಡೆದ ಒಬ್ಬರಾದರೂ ಇದರಲ್ಲಿ ಇರಬೇಕು.

ಮೊದಲ ಹೆಜ್ಜೆ: ಠಾಣೆಗೆ ಹೋಗಿ ಬನ್ನಿ

ಅರ್ಜಿ ಗಿರ್ಜಿ ಆಮೇಲೆ. ಮೊದಲು ನಿಮ್ಮ ಊರಿಗೆ ಯಾವ ಠಾಣೆಯಿಂದ ಗಾಡಿ ಬರುತ್ತದೆ ಎಂದು ತಿಳಿದುಕೊಂಡು, ಮಡಿಕೇರಿಗಾಗಲಿ ಗೋಣಿಕೊಪ್ಪಕ್ಕಾಗಲಿ ಒಂದು ಬೆಳಿಗ್ಗೆ ಹೋಗಿ. ಠಾಣಾಧಿಕಾರಿಗೆ "ಸಾರ್, ನಮ್ಮ ಊರಲ್ಲಿ ಒಂದು ಗುಂಪು ಮಾಡಬೇಕು ಅಂತಿದ್ದೇವೆ, ಏನು ಕಲಿಯಬೇಕು?" ಎಂದು ಕೇಳಿ. ಬೇಡ ಎಂದವರನ್ನು ನಾನು ನೋಡಿಲ್ಲ. ಅವರಿಗೂ ಊರಿನಲ್ಲಿ ಫೋನ್ ಎತ್ತುವ, ದಾರಿ ಹೇಳುವ ಒಬ್ಬರು ಬೇಕು.

ಏಪ್ರಿಲ್ 14ರಿಂದ 20 ಅಗ್ನಿಶಾಮಕ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ಹೊತ್ತಿ ಸಿಡಿದಾಗ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿನ ವಾರ ಅದು. ಆಗ ಠಾಣೆಯವರು ಶಾಲೆ, ಸಂತೆ, ಬಸ್ ನಿಲ್ದಾಣಗಳಲ್ಲಿ ಪ್ರಾತ್ಯಕ್ಷಿಕೆ ತೋರಿಸುತ್ತಾರೆ. ನಿಮ್ಮ ಊರಿಗೂ ಕರೆಯಿರಿ. ಬರುವಾಗ ಗಾಡಿಯಲ್ಲೇ ಬರುತ್ತಾರಲ್ಲ, ರಸ್ತೆಯ ಪರೀಕ್ಷೆಯೂ ಆದ ಹಾಗಾಯಿತು.

ಮೈ, ಮನಸ್ಸು, ಬಟ್ಟೆ

ಅಸ್ತಮಾ, ಹೃದಯದ ತೊಂದರೆ, ಬಿಪಿ ಜಾಸ್ತಿ ಇರುವವರು ಹೊಗೆಯ ಹತ್ತಿರ ಬೇಡ. ಅವರಿಗೂ ಕೆಲಸವಿದೆ. ಫೋನ್ ಹಿಡಿದು ಕೂರುವುದು, ತಿರುವಿನಲ್ಲಿ ನಿಂತು ಗಾಡಿಗೆ ದಾರಿ ತೋರುವುದು, ವಯಸ್ಸಾದವರನ್ನು ಕರೆದೊಯ್ಯುವುದು. ನಮ್ಮ ಗುಂಪಿನಲ್ಲಿ ದಾರಿ ತೋರುವವರು ಎಪ್ಪತ್ತು ದಾಟಿದ ಒಬ್ಬ ಅಕ್ಕ. ಊರಿನ ಪ್ರತಿ ಕಾಲುದಾರಿ ಅವರಿಗೆ ಗೊತ್ತು.

ಬಟ್ಟೆ ಹತ್ತಿಯದಿರಲಿ, ಮೈ ತುಂಬ ಇರಲಿ. ಜೆರ್ಸಿ, ಟ್ರ್ಯಾಕ್ ಪ್ಯಾಂಟ್ ಬೇಡ, ನೈಲಾನು ಪಾಲಿಯೆಸ್ಟರು ಕರಗಿ ಚರ್ಮಕ್ಕೆ ಅಂಟುತ್ತವೆ. ನಮ್ಮವರು ಮನೆಯಿಂದ ಹೊರಟರೆ ಕಾಲಿಗೆ ಏರಿಸುವ ಗಂಬೂಟ್ ಇದೆಯಲ್ಲ, ಜಿಗಣೆಗೆ ಅದು ಸರಿ, ಬೆಂಕಿಗೆ ಸಲ್ಲದು. ಚರ್ಮದ ಶೂ ಹಾಕಿ. ತಲೆಗೆ ಹತ್ತಿಯ ಟವೆಲು, ಕಣ್ಣಿಗೆ ಕನ್ನಡಕ, ಸೊಂಟಕ್ಕೆ ನೀರಿನ ಬಾಟಲಿ. ಕತ್ತಿ ಹೇಗೂ ಇದ್ದೇ ಇರುತ್ತದೆ.

ಇನ್ನೊಂದು ಚಿಲ್ಲರೆ ಕೆಲಸ, ಆದರೆ ಬಿಡಬೇಡಿ. ಗುಂಪಿನಲ್ಲಿ 70 ವರ್ಷದೊಳಗಿನವರೆಲ್ಲ ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿಕೊಳ್ಳಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ.

ಊರಿನ ನಕ್ಷೆ: ಇದೇ ಮುಖ್ಯ ಕೆಲಸ

ಒಂದು ದೊಡ್ಡ ಹಾಳೆ ತನ್ನಿ. ರಸ್ತೆ, ತೋಡು, ಮನೆಗಳನ್ನು ಗುರುತಿಸಿ. ಆಮೇಲೆ ಒಂದು ಭಾನುವಾರ ಪೂರ್ತಿ ಊರು ಸುತ್ತಿ. ಫೋನಿನ ಮ್ಯಾಪ್ ನೆಚ್ಚಿಕೊಳ್ಳಬೇಡಿ, ತೋಟದೊಳಗಿನ ದಾರಿಗಳು ಅದರಲ್ಲಿ ಅರ್ಧಕ್ಕರ್ಧ ಇರುವುದಿಲ್ಲ.

ಗೇಟುಗಳಿಂದ ಶುರು ಮಾಡಿ. ಯಾವ ಗೇಟಿಗೆ ಬೀಗ, ಎರಡನೇ ಕೀಲಿ ಯಾರ ಹತ್ತಿರ? ಮಾಲೀಕರು ಬೆಂಗಳೂರಿನಲ್ಲಿದ್ದರೆ ಮೇಸ್ತ್ರಿಯ ನಂಬರ್ ಬೇಕು. ಗೇಟಿನ ಮೇಲೆ ಕಮಾನು ಇದ್ದರೆ ಎಷ್ಟು ಎತ್ತರ ಎಂದು ಅಳೆಯಿರಿ. ನಂತರ ಮೋರಿಗಳು. ಸಾಮಾನ್ಯ ಅಗ್ನಿಶಾಮಕ ಗಾಡಿಯಲ್ಲಿ 4,500 ಲೀಟರ್ ನೀರಿರುತ್ತದೆ. ನೀರಿನ ತೂಕವೇ ನಾಲ್ಕೂವರೆ ಟನ್, ಗಾಡಿಯ ತೂಕ ಬೇರೆ. ಗೊಬ್ಬರದ ಲೋಡ್ ಲಾರಿ ದಾಟುವ ಮೋರಿಯಾದರೆ ಹೆಚ್ಚುಕಡಿಮೆ ಧೈರ್ಯ ಮಾಡಬಹುದು. ಪಿಕಪ್ ಮಾತ್ರ ಹೋಗುವ ಮೋರಿಗೆ ನಕ್ಷೆಯಲ್ಲಿ ಕೆಂಪು ಗುರುತು ಹಾಕಿ. ಗಾಡಿ ತಿರುಗಿಸುವ ಜಾಗ ಎಲ್ಲಿದೆ ಎನ್ನುವುದನ್ನೂ ಬರೆಯಿರಿ. ಕಾಫಿ ಒಣಗಿಸುವ ಕಣ ಇದಕ್ಕೆ ಒಳ್ಳೆಯದು.

ಆಮೇಲೆ ನೀರು. ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ತೋಟಕ್ಕೊಂದು ಕೆರೆ ಇದೆ. ಪಂಪಿಗೆ ಡೀಸೆಲ್ ಇರುವುದಿಲ್ಲ, ಅಷ್ಟೇ! ಕಾಫಿ ಹೂ ಅರಳಿಸುವ ಹೂ ಮಳೆ ಬಾರದ ವರ್ಷ ಫೆಬ್ರವರಿ ಮಾರ್ಚಿನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಅದೇ ಪಂಪು, ಅದೇ ಪೈಪು ಬೆಂಕಿಗೂ ಆಗುತ್ತದೆ. ಆದರೆ ಅಲ್ಯೂಮಿನಿಯಂ ಪೈಪ್ ಜೋಡಿಸಲು ಹೊತ್ತು ಬೇಕು. ಬೇಗ ಕೈಗೆ ಬರುವುದು ಔಷಧಿ ಹೊಡೆಯುವ ಪವರ್ ಸ್ಪ್ರೇಯರ್. ಪಿಕಪ್ ಹಿಂದೆ 200 ಲೀಟರಿನ ಎರಡು ಡ್ರಮ್, ಒಂದು ಸ್ಪ್ರೇಯರ್, ಉದ್ದದ ಹೋಸು. ಐದು ನಿಮಿಷದಲ್ಲಿ ನಿಮ್ಮ ಊರಿನ ಪುಟ್ಟ ಬೆಂಕಿ ಗಾಡಿ ತಯಾರು. ಬೆನ್ನಿಗೆ ಕಟ್ಟುವ 16 ಲೀಟರಿನ ಸ್ಪ್ರೇಯರ್ ತರಗೆಲೆ ಬೆಂಕಿಗೆ ತುಂಬ ಒಳ್ಳೆಯದು. ಡ್ರಮ್ಮಿನಲ್ಲಿ ಕಳೆನಾಶಕವೋ ಬೋರ್ಡೋ ದ್ರಾವಣವೋ ಉಳಿದಿದೆಯಾ ನೋಡಿ. ತೊಳೆದ ಒಂದು ಡ್ರಮ್ ಬೇಸಿಗೆಯಿಡೀ ಬೇರೆಯಾಗಿ ಇಟ್ಟುಬಿಡಿ.

ಕೊನೆಗೆ ಜನ. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ? ಕೊಯ್ಲಿಗೆ ಬಂದ ಅಸ್ಸಾಂ ಕಡೆಯ ಕುಟುಂಬಗಳು ಯಾವ ಲೈನಿನಲ್ಲಿವೆ? ಅವರಿಗೆ ನಮ್ಮ ಭಾಷೆ ಬಾರದು, "ಹೊರಗೆ ಬನ್ನಿ" ಎಂದರೆ ಅರ್ಥವಾಗದು. ಅವರಲ್ಲೊಬ್ಬರನ್ನು ಗುಂಪಿಗೆ ಸೇರಿಸಿಕೊಳ್ಳಿ.

ಕರೆಯುವುದು ಹೇಗೆ ಎಂಬುದೂ ಮೊದಲೇ ತೀರ್ಮಾನವಾಗಲಿ. ಕರೆಂಟ್ ಹೋದರೆ ಟವರ್ ಹೋಗುತ್ತದೆ, ವಾಟ್ಸಾಪ್ ಗುಂಪು ಸುಮ್ನೆ ಕೂರುತ್ತದೆ. ದೇವಸ್ಥಾನದ ಗಂಟೆಯೋ ಶಾಲೆಯ ಬೆಲ್ಲೋ ಇಟ್ಟುಕೊಳ್ಳಿ. ಕೋವಿ ಬೇಡ. ಗುಂಡಿನ ಸದ್ದಿಗೆ ನಮ್ಮಲ್ಲಿ ಹುಟ್ಟು ಸಾವಿನ ಬೇರೆ ಅರ್ಥ ಇದೆ, ಜನ ತಪ್ಪು ತಿಳಿಯುತ್ತಾರೆ.

ಫೋನ್ ಮಾಡುವಾಗ

112ಕ್ಕೆ ಮಾಡಿ. ಕರೆ ಎತ್ತುವವರು ಬೆಂಗಳೂರಿನ ಕೇಂದ್ರದಲ್ಲಿರುತ್ತಾರೆ. "ನಮ್ಮ ತೋಟದಲ್ಲಿ, ಮೇಲಿನ ಲೈನಿನ ಹತ್ತಿರ" ಎಂದರೆ ಅವರಿಗೆ ಏನೂ ಗೊತ್ತಾಗದು. ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ, ಎದ್ದು ಕಾಣುವ ಒಂದು ಗುರುತು, ಉರಿಯುತ್ತಿರುವುದು ಏನು, ಒಳಗೆ ಯಾರಾದರೂ ಇದ್ದಾರಾ ಎಂಬುದನ್ನು ಈ ಕ್ರಮದಲ್ಲೇ ಹೇಳಿ. ಜೊತೆಗೆ ನಿಮ್ಮ ಠಾಣೆಗೂ ನೇರ ಕರೆ ಮಾಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ಕರೆಂಟಿನವರದು 1912, ಗ್ಯಾಸ್ ಸೋರಿಕೆಗೆ 1906, ಆಂಬುಲೆನ್ಸ್ 108. ಇವನ್ನು ಗೋಡೆಗೆ ಬರೆದಿಡಿ, ಫೋನಿನಲ್ಲಿ ಮಾತ್ರ ಇಟ್ಟರೆ ಆ ಗಾಬರಿಯಲ್ಲಿ ಸಿಗುವುದಿಲ್ಲ.

ಮನೆಗೆ ಬೆಂಕಿ ಬಿದ್ದರೆ

ಜನರನ್ನು ಹೊರಗೆ ತನ್ನಿ, ಎಣಿಸಿ, ಮೇನ್ ಸ್ವಿಚ್ ಆಫ್ ಮಾಡಿ. ಕರೆಂಟ್ ಹರಿಯುತ್ತಿರುವಾಗ ನೀರು ಎರಚಬೇಡಿ. ಹೊಗೆ ತುಂಬಿದ ಕೋಣೆಗೆ ಹೋಗಲೇಬೇಡಿ. ಒದ್ದೆ ಟವೆಲು ಮುಖಕ್ಕೆ ಕಟ್ಟಿದರೆ ಸಾಕು ಎಂದು ಎಷ್ಟೋ ಜನ ನಂಬಿದ್ದಾರೆ. ಕಾರ್ಬನ್ ಮೊನಾಕ್ಸೈಡನ್ನು ಟವೆಲು ತಡೆಯುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ. ಒಳಗೆ ಹೋಗುವ ಕೆಲಸ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಸಿಬ್ಬಂದಿಯದು.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕೆ ಹರಡಿ ಕೂರುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ. ಸಿಲಿಂಡರಿನ ಬಾಯಲ್ಲಿ ಉರಿ ಇದ್ದು, ಒದ್ದೆ ಗೋಣಿ ಹಾಕಿ ವಾಲ್ವ್ ತಿರುಗಿಸಲು ಆದರೆ ತಿರುಗಿಸಿ. ಆಗದಿದ್ದರೆ ಉರಿಯಲು ಬಿಟ್ಟು ದೂರ ಬನ್ನಿ. ಗ್ಯಾಸ್ ನಿಲ್ಲಿಸದೆ ಬರೀ ಉರಿ ಆರಿಸಿದರೆ ಸೋರಿದ ಗ್ಯಾಸ್ ಕೋಣೆ ತುಂಬಿ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಬೇರೆ ಬೆಂಕಿ ಸಿಲಿಂಡರನ್ನು ಸುಡುತ್ತಿದ್ದರೆ ಹತ್ತಿರವೇ ನಿಲ್ಲಬೇಡಿ.

ಕೊಡಗಿನಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. "ಅಣ್ಣ, ತೋಟಾ ಎಲ್ಲಿಟ್ಟಿದ್ದೀರಿ?" ತೋಟ ಅಲ್ಲ, ಕೋವಿಯ ತೋಟಾ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದರಿಂದ ಎಷ್ಟೋ ಮನೆಗಳಲ್ಲಿ ಕೋವಿ ಇರುತ್ತದೆ, ತೋಟಾ ಬೀರುವಿನಲ್ಲಿರುತ್ತದೆ. ಶಾಖಕ್ಕೆ ಅವು ಸಿಡಿಯುತ್ತವೆ. ಗಾಡಿ ಬಂದ ಕೂಡಲೇ ಯಾವ ಕೋಣೆ ಎಂದು ಸಿಬ್ಬಂದಿಗೆ ಹೇಳಿ. ಕಳೆ ಕೊಚ್ಚುವ ಯಂತ್ರದ ಪೆಟ್ರೋಲು, ಗೋಡೌನಿನ ಡೀಸೆಲು ಎಲ್ಲಿದೆ ಎಂಬುದನ್ನೂ ಹೇಳಿ.

ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇದ್ದರೆ ಪಿನ್ ಎಳೆದು ಉರಿಯ ಬುಡಕ್ಕೆ ಗುರಿಯಿಟ್ಟು ಅತ್ತಿಂದಿತ್ತ ಆಡಿಸಿ. ಮನೆಯಲ್ಲಿಡುವ ಸಣ್ಣದು ಕೆಲವೇ ಸೆಕೆಂಡಿನಲ್ಲಿ ಖಾಲಿ. ನಿಮ್ಮ ಬೆನ್ನಿನ ಕಡೆ ಬಾಗಿಲಿರಲಿ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, ಇಪ್ಪತ್ತು ನಿಮಿಷ. ಪೇಸ್ಟೂ ಬೇಡ, ಜೇನೂ ಬೇಡ.

ಗುಡ್ಡದ ಬೆಂಕಿ

ಜನವರಿ ಕಳೆದರೆ ಸಿಲ್ವರ್ ಓಕ್ ಮರದ ಎಲೆ, ಒಣ ಹುಲ್ಲು, ಲಂಟಾನ ಎಲ್ಲ ಕಾದು ಕೂತಿರುತ್ತವೆ. ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ ಒಂದು ಎಂದರೂ ಸರಿ: ಬೆಂಕಿಗಿಂತ ಮೇಲೆ ನಿಲ್ಲಬೇಡಿ. ಉರಿ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಬಿಸಿ ಮಾಡುತ್ತದೆ, ಅದಕ್ಕೇ ಬೆಂಕಿ ಏರಿನಲ್ಲಿ ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಾದಂತೆಲ್ಲ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಈ ಕೆಲಸದವರ ಲೆಕ್ಕ. ನೀವು ಏರು ಹತ್ತುವಾಗ ನಿಮ್ಮ ವೇಗ ಅರ್ಧವಾಗುತ್ತದೆ. ಓಟದಲ್ಲಿ ಗೆಲ್ಲುವವರು ಯಾರು ಎಂದು ಬೇರೆ ಹೇಳಬೇಕಾ? 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚಿನಲ್ಲಿ ಒಬ್ಬ ಅರಣ್ಯ ರಕ್ಷಕರೇ ತೀರಿಕೊಂಡರು. ಅನುಭವ ಇದ್ದವರಿಗೇ ಹೀಗಾಗುತ್ತದೆ.

ಹೋಗುವುದಾದರೆ ಪಕ್ಕದಿಂದ ಹೋಗಿ, ಆಗಲೇ ಸುಟ್ಟು ಕಪ್ಪಾದ ನೆಲದ ಅಂಚು ಹಿಡಿದು. ಏನಾದರೂ ಹೆಚ್ಚುಕಡಿಮೆಯಾದರೆ ಆ ಕಪ್ಪು ನೆಲಕ್ಕೇ ಹಿಂದೆ ಸರಿಯಬಹುದು, ಅಲ್ಲಿ ಉರಿಯಲು ಏನೂ ಉಳಿದಿಲ್ಲ. ಹಸಿ ಸೊಪ್ಪಿನ ಕೊಂಬೆಯಿಂದ ಉರಿಯನ್ನು ಕಪ್ಪು ನೆಲದ ಕಡೆಗೆ ಒತ್ತಿ ಬಡಿಯಿರಿ. ಎತ್ತಿ ಎತ್ತಿ ಬಡಿದರೆ ಕಿಡಿ ಹಾರುತ್ತದೆ. ಒಬ್ಬರು ಬಡಿಯಲಿ, ಹಿಂದಿನವರು ಸ್ಪ್ರೇಯರಿನಿಂದ ನೀರು ಬಿಡಲಿ, ಮೂರನೆಯವರು ದೂರ ನಿಂತು ಗಾಳಿ ನೋಡಲಿ. ಆ ಮೂರನೆಯವರು "ಬನ್ನಿ" ಎಂದರೆ ವಾದ ಮಾಡದೆ ಬರಬೇಕು. ಬಿಸಿಲಿನಲ್ಲಿ ಗಾಳಿ ಸಾಮಾನ್ಯವಾಗಿ ಗುಡ್ಡ ಹತ್ತುತ್ತದೆ, ರಾತ್ರಿ ಇಳಿಯುತ್ತದೆ. ಮಧ್ಯಾಹ್ನ ಸೋತ ಕೆಲಸ ಸಂಜೆ ಏಳರ ಮೇಲೆ ಸುಲಭವಾಗಬಹುದು.

ಉರಿ ಸೊಂಟದೆತ್ತರ ಮೀರಿದರೆ ಬಡಿಯುವ ಮಾತೇ ಇಲ್ಲ. ಬೆಂಕಿಯ ಏರಿನ ಕಡೆ ಬಿಟ್ಟು ದೂರ ಹೋಗಿ, ರಸ್ತೆಯೋ ತೋಡೋ ಇರುವಲ್ಲಿ ತರಗೆಲೆ ಗುಡಿಸಿ ಮಣ್ಣು ಕಾಣುವ ಹಾಗೆ ಪಟ್ಟೆ ಮಾಡಿ. ಎದುರು ಬೆಂಕಿ ಹಚ್ಚುವ ಸಾಹಸ ನಿಮಗೆ ಬೇಡ, ಅದು ಅರಣ್ಯ ಸಿಬ್ಬಂದಿಯ ತೀರ್ಮಾನ. ಮರದ ಮೇಲೆ ಹೆಜ್ಜೇನು ಇದೆಯಾ ಎಂದೂ ತಲೆಯೆತ್ತಿ ನೋಡಿ. ಹೊಗೆಗೆ ಕೆರಳಿ ಇಳಿದರೆ ಬೆಂಕಿಯೇ ವಾಸಿ ಅನಿಸುತ್ತದೆ.

ದೇವರಕಾಡಿಗೆ ಬೆಂಕಿ ಬಿದ್ದರೆ ಇನ್ನೊಂದು ತೊಡಕಿದೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒಳಗೆ ಕೊಂಬೆ ಕಡಿಯಬಾರದು, ಚಪ್ಪಲಿ ಹಾಕಬಾರದು ಎಂಬ ಕಟ್ಟುಪಾಡು ಕೆಲವು ಕಡೆ ಇದೆ. ಬೆಂಕಿಯ ಹೊತ್ತಿನಲ್ಲಿ ಇದರ ಚರ್ಚೆ ಶುರುವಾದರೆ ಕಾಡು ಉಳಿಯುವುದಿಲ್ಲ. ಊರ ತಕ್ಕರನ್ನೂ (ಊರಿನ, ದೇವಸ್ಥಾನದ ಮುಖ್ಯಸ್ಥರನ್ನೂ) ದೇವಸ್ಥಾನ ಸಮಿತಿಯವರನ್ನೂ ಬೇಸಿಗೆಗೆ ಮುಂಚೆಯೇ ಕೂರಿಸಿಕೊಂಡು ಮಾತಾಡಿ ಮುಗಿಸಿ.

ಮರುದಿನ

ಬೆಂಕಿ ಆರಿತು ಎಂದು ಎಲ್ಲರೂ ಮನೆಗೆ ಹೋಗುತ್ತಾರೆ. ಮರುದಿನ ಹನ್ನೆರಡು ಗಂಟೆಗೆ ಗಾಳಿ ಎದ್ದಾಗ ಅದೇ ಜಾಗದಿಂದ ಮತ್ತೆ ಹೊಗೆ. ಹಳೇ ಮರದ ಬುಡ ಮತ್ತು ಬೇರು ಮಣ್ಣಿನೊಳಗೇ ಗಂಟೆಗಟ್ಟಲೆ ಉರಿಯುತ್ತವೆ. ಕಾಫಿ ಸಿಪ್ಪೆಯ ರಾಶಿಯಂತೂ ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಅಂಚಿನಲ್ಲಿ ನಡೆದು, ಕೈಯ ಹಿಂಬದಿಯನ್ನು ಬುಡಕ್ಕೆ ಹತ್ತಿರ ಹಿಡಿದು ಬಿಸಿ ನೋಡಿ. ಬಿಸಿ ಇದ್ದರೆ ಅಗೆದು ನೀರು ಹಾಕಿ. ಎರಡು ರಾತ್ರಿ ಪಾಳಿ ಹಾಕಿ ಕಾಯಿರಿ. ಈ ಕೆಲಸಕ್ಕೆ ಯಾರೂ ಫೋಟೋ ತೆಗೆಯುವುದಿಲ್ಲ, ಅದಕ್ಕೇ ಜನ ಸಿಗುವುದಿಲ್ಲ.

ಮಳೆಗಾಲದಲ್ಲಿ

ಜೂನ್ ಬಂದರೆ ಇದೇ ಗುಂಪಿಗೆ ಬೇರೆ ಕೆಲಸ. ರಸ್ತೆಗೆ ಬಿದ್ದ ಮರ, ತುಂಡಾದ ಲೈನು, ಬರೆ (ಗುಡ್ಡದ ಕಡಿದಾದ ಅಂಚು) ಕುಸಿತ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮೊದಲು ಕೈ ಹಾಕಿದವರಲ್ಲಿ ಅಕ್ಕಪಕ್ಕದ ಊರವರೂ ಇದ್ದರು. ಬರೆಯಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಂಪಾದ ತೋಡಿನ ನೀರು, ವಾಲಿದ ಮರ ಕಂಡರೆ ಕೆಳಗಿನ ಮನೆಯವರನ್ನು ಎಬ್ಬಿಸಿ ಕಳಿಸಿ. ಮಣ್ಣು ಬಿದ್ದ ಮೇಲೆ ಅದರ ಮೇಲೆ ಹತ್ತಿ ಅಗೆಯಲು ಹೋಗಬೇಡಿ, ಎರಡನೇ ಸಲ ಜಾರುವುದು ಹೆಚ್ಚು.

ಯಾವಾಗ ಶುರು ಮಾಡುವುದು?

ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ವಾರ. ಬೆಂಗಳೂರು, ಮೈಸೂರಿನಲ್ಲಿರುವ ಮಕ್ಕಳೆಲ್ಲ ಊರಿಗೆ ಬಂದಿರುತ್ತಾರೆ, ರೋಬಸ್ಟಾ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ, ಬೆಂಕಿಯ ಕಾಲಕ್ಕೆ ಎರಡು ತಿಂಗಳು ಇರುತ್ತದೆ. ಮೊದಲ ಸಭೆಯಲ್ಲಿ ನಕ್ಷೆ. ಎರಡನೆಯದರಲ್ಲಿ ಪಂಪು, ಡ್ರಮ್ಮು ತಂದು ಕಣದಲ್ಲಿ ಅಣಕು ಬೆಂಕಿ. ಗಂಟೆ ಬಾರಿಸಿದ ಮೇಲೆ ನೀರು ಬರಲು ಎಷ್ಟು ನಿಮಿಷ ಎಂದು ಗಡಿಯಾರ ಹಿಡಿದು ನೋಡಿ. ನಮಗೆ ಮೊದಲ ಸಲ ಇಪ್ಪತ್ತೆರಡು ನಿಮಿಷ ಬೇಕಾಯಿತು, ಯಾಕೆಂದರೆ ಪಂಪಿನ ಹ್ಯಾಂಡಲ್ ಇನ್ನೊಬ್ಬರ ಮನೆಯಲ್ಲಿತ್ತು. ಈಗ ಆರು.

ಮತ್ತೆ, ಡೀಸೆಲ್ ಯಾರು ಹಾಕಿಸಬೇಕು ಎಂಬುದನ್ನು ಮೊದಲ ದಿನವೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ನಾವು ಮನೆಗೆ ನೂರು ರೂಪಾಯಿ ಎತ್ತಿ, ಇಪ್ಪತ್ತು ಲೀಟರಿನ ಕ್ಯಾನು ಅಂಗಡಿಯವರ ಗೋಡೌನಿನಲ್ಲಿ ಬೇರೆಯಾಗಿ ಇಟ್ಟಿದ್ದೇವೆ. ಕೀಲಿ ಎರಡು: ಒಂದು ಅಂಗಡಿಯವರ ಹತ್ತಿರ, ಇನ್ನೊಂದು ದಾರಿ ತೋರುವ ಆ ಅಕ್ಕನ ಹತ್ತಿರ.